ಚಿದಾನಂದನಿಗಾಗಿ ಹೊತ್ತ ಹರಕೆ

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ, ಒಪ್ಪತ್ತು. ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಕಳಿಸಿ, ತಲೆಗೆ ನೀರು ಹುಯ್ದುಕೊಂಡು ಮಂಜುನಾಥಸ್ವಾಮಿಗೆ ದೀಪ ಹಚ್ಚಿದೆ. ಬೇಲಿಯಲ್ಲಿ ತುಂಬೆ ಹೂವು ಬೇಕಾದಷ್ಟು ಬಿಟ್ಟಿದೆ. ಬಚ್ಚಲ ಒಲೆಗೆ ಹಸಿ ಸೌದೆ ತುರುಕಿ ಮನೆಯೆಲ್ಲ ಹೊಗೆ ಎಬ್ಬಿಸಿದವರು ನಮ್ಮ ಯಜಮಾನರು. ಕೇಳಿದರೆ, "ನಿನ್ನ ಪೂಜೆಗೆ ಸಾಂಬ್ರಾಣಿ ಕಣೇ" ಅನ್ನುತ್ತಾರೆ. ನಾಗರಾಜು ಎಂದು ಹೆಸರಿಟ್ಟವರು ಇವರಿಗೆ ದೇವರ ಭಯ ಇಡುವುದನ್ನು ಮರೆತರು.

ಈ ಶ್ರಾವಣ ನಾನೊಬ್ಬಳೇ ಅಲ್ಲ, ತಮ್ಮ ಚಿದಾನಂದನೂ ನನ್ನ ಜೊತೆ ವ್ರತ ಹಿಡಿದಿದ್ದಾನೆ. ಸೋಮವಾರ, ಶನಿವಾರ, ಏಕಾದಶಿ, ಸಂಕಷ್ಟಿ ಒಂದನ್ನೂ ಬಿಡುವುದಿಲ್ಲ ಎಂದು ಇಬ್ಬರ ಪರವಾಗಿ ಹರಕೆ ಹೊತ್ತವಳು ನಾನು. ಅವನು ಹಿಂದೆ ಯಾವತ್ತೂ ಉಪವಾಸ ಮಾಡಿದವನಲ್ಲ. "ಆಯ್ತಕ್ಕ, ನಿನ್ ಸಮಾಧಾನಕ್ಕೆ" ಅಂದ.

ಹರಕೆಗೆ ಕಾರಣ ಅನುಶ್ರೀಯ ನಾಟಕ. ಅನು ಚಿದಾನಂದನ ಮಗಳು. ತಾಯಿ ತೀರಿಕೊಂಡ ಮೇಲೆ ನನ್ನ ಮಡಿಲಲ್ಲೇ ಬೆಳೆದಳು. ಈಗ ಕುಶಾಲನಗರದ ಸೊಸೈಟಿ ಆಫೀಸಿನಲ್ಲಿ ಕೆಲಸ. ಸಂಜೆಯಾದರೆ ಸುಂಟಿಕೊಪ್ಪದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ನಾಟಕ. ಅದು ಅಪ್ಪನ ರಕ್ತ, ತಪ್ಪಿಸಲಾಗದು. ಆದರೆ ಈ ಸಲ ಬರೆದಿರುವುದು ಅಪ್ಪನ ಕಥೆಯನ್ನೇ. ಚಿದಾನಂದನಂಥ ಡ್ರಾಮಾ ಮೇಷ್ಟ್ರು ಈ ಸುತ್ತಿನಲ್ಲಿ ಹುಟ್ಟಿರಲಿಲ್ಲ. ಒಂದು ಸಲ ಕೇಳಿದ ನಾಟಕ ಅಷ್ಟೂ ಪಾತ್ರದ ಮಾತು, ಹಾಡು ಸಮೇತ ಅವನ ತಲೆಯಲ್ಲಿ ಕೂತುಬಿಡುತ್ತಿತ್ತು. ಭೀಮನ ಪಾತ್ರದವನು ರಂಗದ ಮೇಲೆ ಮಾತು ಮರೆತರೆ, ಇವನು ಹಾರ್ಮೋನಿಯಂ ಹಿಂದಿನಿಂದ ನಿಂತ ನಿಲುವಿನಲ್ಲೇ ಹೊಸ ಪದ್ಯ ಕಟ್ಟಿ ಹಾಡಿ ಆಟ ಉಳಿಸುತ್ತಿದ್ದ. ಆಮೇಲೆ ಆ ಸಮಾಚಾರ ಶುರುವಾಯಿತು. ವಿರಾಜಪೇಟೆಯ ಬಸ್‌ ನಿಲ್ದಾಣದಲ್ಲಿ, ಕೇರಳಕ್ಕೆ ಹೊರಟ ಬಸ್ಸುಗಳಿಗೆ ರಂಗಪ್ರವೇಶದ ಹಾಡು ಹೇಳಿಕೊಡುತ್ತಾ ನಿಂತಿದ್ದವನನ್ನು ನಾನೂ ಇವರೂ ಹೋಗಿ ಕರೆತಂದೆವು. ಆ ದೃಶ್ಯವೂ ನಾಟಕದಲ್ಲಿದೆಯಂತೆ.

"ಊರಿಗೆಲ್ಲ ಡಂಗುರ ಹೊಡೀಬೇಕಾ?" ಎಂದೆ ಅನುಗೆ.

"ಊರಿಗೆ ಗೊತ್ತಿಲ್ದೇ ಇರೋದು ಏನಿದೆ ಅತ್ತೆ? ನಮ್ಮನೇಲಿ ಮಾತ್ರ ಯಾರಿಗೂ ಗೊತ್ತಿಲ್ಲ ಅನ್ನೋ ಥರ ಇರ್ತೀವಿ."

ಅಪ್ಪನ ಒಪ್ಪಿಗೆ ಕೇಳು ಎಂದೆ. ಚಿದಾನಂದ ನಕ್ಕುಬಿಟ್ಟ. "ಮಾಡ್ಲಿ ಬಿಡಕ್ಕ. ಹಾರ್ಮೋನಿಯಂ ಮಾತ್ರ ಬೇರೆಯವ್ರು ಮುಟ್ಟಬಾರ್ದು. ನಾನೇ ಕೂರ್ತೀನಿ."

ಹಾಗೆ ಕೂತು ಮತ್ತೆ ಆ ಸಮಾಚಾರ ಬರದಿರಲಿ ಎಂದೇ ಈ ಹರಕೆ. ರಾತ್ರಿ ಇಬ್ಬರೂ ಬಾಳೆಹಣ್ಣು, ಹಾಲು ತೆಗೆದುಕೊಂಡೆವು. ಊಟ ಇಲ್ಲದ್ದರಿಂದ ಅವನ ಮಾತ್ರೆ ತೆಗೆಯಲಿಲ್ಲ. ಊಟ ಆದ ಮೇಲೆ ಎಂದು ಅವನನ್ನು ನೋಡುವ ಮಡಿಕೇರಿಯ ಡಾಕ್ಟರಮ್ಮ ಹೇಳಿದ್ದಾರೆ. ನಾಳೆ ನಾಗರಪಂಚಮಿ. ಹುತ್ತಕ್ಕೆ ಹಾಲೆರೆಯಲು ಬೇಗ ಏಳಬೇಕು.

ಆಗಸ್ಟ್ 2, ಶನಿವಾರ

ಶ್ರಾವಣ ಶನಿವಾರ, ಒಪ್ಪತ್ತು. ಸುಂಟಿಕೊಪ್ಪದಲ್ಲಿ ಅನುವಿನ ನಾಟಕದವರು ತಾಲೀಮು ಮಾಡುವ ಕೋಣೆ ಸೋರುತ್ತದಂತೆ. ಮಂದಿಯೆಲ್ಲ ನಮ್ಮ ಮನೆಯ ಶುಂಠಿ ಶೆಡ್ಡಿಗೆ ಬಂದಿದ್ದಾರೆ. ಚಿದಾನಂದನ ಪಾತ್ರ ಮಾಡುವವನು ಮಿಲನ್, ಬೈಕ್ ಗ್ಯಾರೇಜಿನ ಹುಡುಗ, ಕೈಯೆಲ್ಲ ಗ್ರೀಸು. ನನ್ನ ಪಾತ್ರ ಮಾಡುವವಳು ಪವಿತ್ರಾ, ಸುಂಟಿಕೊಪ್ಪದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ನನ್ನದೂ ಒಂದು ಪಾತ್ರ! ಇಷ್ಟು ತೆಳ್ಳಗೆ ನಾನು ಮದುವೆಯ ದಿನವೂ ಇರಲಿಲ್ಲ.

ಆ ಹುಡುಗಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡುತ್ತಲೇ ಇದ್ದಳು.

"ಎಂಥ ಕೂಸೇ, ಹಾಗೆ ನೋಡ್ತೀಯ?"

"ಆಂಟಿ, ನಿಮ್ಗೆ ಸಿಟ್ಟು ಬಂದ್ರೆ ಜೋರಾಗಿ ಮಾತಾಡ್ತೀರಾ, ಇಲ್ಲ ಪಾತ್ರೆ ಜೋರಾಗಿ ಇಡ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಇವರು, "ಎರಡೂ ಉಂಟು. ಬರ್ಕೋ" ಎಂದರು.

ಕೈಯಲ್ಲಿದ್ದ ಪಾತ್ರೆಯನ್ನು ನಾನು ಮೆತ್ತಗೆ ಇಡಬೇಕಾಯಿತು.

ಚಿದಾನಂದ ಕಾಲಿನ ಹಾರ್ಮೋನಿಯಂ ಒರೆಸಿ ಕೂತ. ಮಿಲನ್ ಒಂದು ಸಾಲು ಹೇಳಿದನೋ ಇಲ್ಲವೋ, "ನಿಂದು ಈ ಶ್ರುತಿಯಲ್ಲ ಕಣಪ್ಪ, ಗಂಟ್ಲು ಯಾಕೆ ಹಿಸುಕ್ತೀಯ" ಎಂದು ಹಾರ್ಮೋನಿಯಂನ ಬೇರೆ ಮನೆ ಒತ್ತಿ ಹಿಡಿದ. ಹುಡುಗನ ದನಿ ಅಲ್ಲಿಂದ ಹೇಗೆ ತೆರೆದುಕೊಂಡಿತು! ನನಗೇ ಗೊತ್ತಿಲ್ಲದೆ ಮಜ್ಜಿಗೆ ಲೋಟ ಹಿಡಿದುಕೊಂಡು ನಿಂತುಬಿಟ್ಟಿದ್ದೆ.

ಆಗಸ್ಟ್ 6, ಬುಧವಾರ

ನಿನ್ನೆ ಏಕಾದಶಿ ಚೆನ್ನಾಗಿ ಆಯಿತು. ಇವತ್ತು ದ್ವಾದಶಿ, ಬೇಗ ಪಾರಣೆ. ಚಿದಾನಂದನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ ಬಂದಿದೆ. ನಾನು ಏಳುವ ಮೊದಲೇ ಎದ್ದು ಶೆಡ್ಡಿನಲ್ಲಿ ಕೂತಿರುತ್ತಾನೆ. ಹಾಡಿನ ಮೇಲೆ ಹಾಡು. ಅನು ಕೇಳಿದ್ದು ನಾಟಕಕ್ಕೆ ಒಂದೆರಡು ಪದ್ಯ, ಇವನು ಕಟ್ಟುತ್ತಿರುವುದಕ್ಕೆ ಲೆಕ್ಕವಿಲ್ಲ. ಮೋಟಾರಿನ ಗುಂಡಿ ಒತ್ತಿದರೆ ನೀರು ಬಂದ ಹಾಗೆ. "ಅಕ್ಕ, ತಲೆ ಎಷ್ಟು ಹಗುರ ಆಗಿದೆ ಗೊತ್ತಾ" ಅಂದ.

ಹರಕೆ ಫಲ ಕೊಡುತ್ತಿದೆ. ಸ್ವಾಮಿ ದೊಡ್ಡವನು. ಇವರಿಗೆ ಹೇಳಿದರೆ, "ಮೇಷ್ಟ್ರು ಸ್ವಲ್ಪ ಜಾಸ್ತಿನೇ ಹಗುರ ಆದ ಹಾಗೆ ಕಾಣ್ತಾರಪ್ಪ" ಎಂದರು. ಇವರದು ಯಾವಾಗಲೂ ಒಂದು ಕೊಂಕು.

ಆಗಸ್ಟ್ 9, ಶನಿವಾರ

ಒಪ್ಪತ್ತು. ನೂಲ ಹುಣ್ಣಿಮೆ. ನಿನ್ನೆ ವರಮಹಾಲಕ್ಷ್ಮಿಗೆ ಕಲಶ ಇಟ್ಟಿದ್ದೆ. ಪವಿತ್ರಾಗೂ ಬಾಗಿನ ಕೊಟ್ಟೆ. ಚಿದಾನಂದ ಒಬ್ಬಟ್ಟು ಮುರಿದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಟ್ಟ, ತಿನ್ನಲಿಲ್ಲ. ಇವತ್ತು ಒಂದು ಹೊತ್ತಿನ ಊಟವೂ ಅರ್ಧ. ಮಾತಾಡಿಸಿದರೆ ಬೇರೆ ಯಾರಿಗೋ ಉತ್ತರ ಕೊಟ್ಟ ಹಾಗೆ ಮಾತಾಡುತ್ತಾನೆ.

ಆಗಸ್ಟ್ 11, ಸೋಮವಾರ

ಒಪ್ಪತ್ತು.

ಹಾರ್ಮೋನಿಯಂ ಒಳಗೆ ರೀಡುಗಳು ಜಗಳ ಆಡುತ್ತಿವೆ ಎಂದ. ಹಿಂದಿನ ಸಲವೂ ಶುರುವಾದದ್ದು ಇದೇ ಮಾತಿನಿಂದ.

ಆಗಸ್ಟ್ 12, ಮಂಗಳವಾರ

ಅಂಗಾರಕ ಸಂಕಷ್ಟಿ. ಮೋಡ, ಚಂದ್ರ ಕಾಣಲಿಲ್ಲ. ಕ್ಯಾಲೆಂಡರಿನ ಹೊತ್ತು ನೋಡಿ ಕೈಮುಗಿದು ಎಲೆ ಹಾಕಿದೆ. ಚಿದಾನಂದ ಊಟಕ್ಕೆ ಏಳಲಿಲ್ಲ. ಊಟವಿಲ್ಲ, ಮಾತ್ರೆಯೂ ಇಲ್ಲ. ಗಣಪತಿ, ನಿನ್ನ ದಿನದಂದೇ ಹೀಗಾ?

ಆಗಸ್ಟ್ 14, ಗುರುವಾರ

ಬೆಳಿಗ್ಗೆ ಹಾಲು ಕರೆದು ಬರುವಾಗ ಅಂಗಳದಲ್ಲಿ ಗೋಣಿತಾಟು ಹಾಸಿದ್ದ. ಅದರ ಮೇಲೆ ಹಾರ್ಮೋನಿಯಂ ಬಿಚ್ಚಿ ರೀಡುಗಳನ್ನು ಒಂದೊಂದಾಗಿ ಹರವಿದ್ದ, ಸಂಡಿಗೆ ಒಣಹಾಕಿದ ಹಾಗೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಜಗಳ ಆಡುವವರನ್ನು ಬೇರೆ ಬೇರೆ ಕೂರಿಸಬೇಕಂತೆ. ನಾನು ಕೊಡೆ ಹಿಡಿಯಲು ಹೋದರೆ, "ತುಳೀಬೇಡ, ಅದು ಷಡ್ಜ!" ಎಂದು ಕೂಗಿದ. ನನ್ನ ಮೇಲೆ ಎಂದೂ ಕೂಗಿದವನಲ್ಲ.

ಇವರು ಬಂದು ಟಾರ್ಪಾಲಿನ ಒಂದು ತುದಿ ಹಿಡಿದರು, ನಾನು ಒಂದು ತುದಿ. ಅವನು ರೀಡುಗಳನ್ನೆಲ್ಲ ಹರವಿ ಮುಗಿಸುವವರೆಗೆ ಹಾಗೇ ನಿಂತೆವು.

ಅನು ಆಫೀಸಿನಿಂದ ಬಂದ ಮೇಲೆ ನಾನು ಹಿಡಿದಿಟ್ಟದ್ದನ್ನೆಲ್ಲ ಅಂದುಬಿಟ್ಟೆ. "ನಿನ್ನ ನಾಟಕವೇ ಅವನನ್ನ ಕೆದಕಿದ್ದು. ಮುಚ್ಚಿಟ್ಟ ಗಾಯ ನೀನು ಕಿತ್ತೆ. ನಿಲ್ಸು. ನಿಮ್ಮಪ್ಪ ಬೇಕೋ, ನಾಟಕ ಬೇಕೋ?"

ಹುಡುಗಿ ಬಿಳುಚಿಕೊಂಡಳು. "ನಿಲ್ಸ್ತೀನಿ ಅತ್ತೆ. ಶನಿವಾರ ಎಲ್ಲರೂ ಬರ್ತಾರೆ, ಮುಖ ನೋಡಿ ಹೇಳ್ತೀನಿ. ಒಂದೇ ಒಂದು ಸಲ ನೀವು ಕೂತು ಪೂರ್ತಿ ನೋಡಿ. ಆಮೇಲೂ ಬೇಡ ಅಂದ್ರೆ ಬೇಡ." ಡಾಕ್ಟರಮ್ಮನಿಗೂ ಫೋನು ಮಾಡಿದಳು. ಸೋಮವಾರ ಮಡಿಕೇರಿಗೆ ಕರೆತನ್ನಿ, ಅಷ್ಟರೊಳಗೆ ಹೆಚ್ಚಾದರೆ ತಕ್ಷಣ ಬನ್ನಿ ಎಂದರಂತೆ.

ಆಗಸ್ಟ್ 16, ಶನಿವಾರ

ಒಪ್ಪತ್ತು. ಇವತ್ತು ನಡೆದದ್ದನ್ನು ಸರಿಯಾಗಿ ಬರೆಯಬೇಕು.

ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ನನ್ನನ್ನೂ ಇವರನ್ನೂ ಕೂರಿಸಿದರು. ಚಿದಾನಂದ ಒಳಗೆ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿದ್ದ. ಹಾರ್ಮೋನಿಯಂ ಇಲ್ಲದೆಯೇ ನಾಟಕ ಶುರುವಾಯಿತು. ನಾನು ಬೈಯಬೇಕೆಂದೇ ಕೂತವಳು. ಆದರೆ ಅನು ಬರೆದದ್ದರಲ್ಲಿ ಅವಮಾನ ಮಾಡುವ ಮಾತು ಒಂದೂ ಇರಲಿಲ್ಲ. ತಂಗಿಯ ಲಂಗಕ್ಕೆ ಗುಂಡಿ ಹೊಲಿಯುತ್ತಾ ಇಡೀ ನಾಟಕ ಹಾಡುವ ಹುಡುಗ, ಅವನಿಗೆ ಅನ್ನ ಕಲಸಿ ಕೊಡುವ ಅಕ್ಕ. ತಂಗಿ ನಮಗೆ ಇರಲಿಲ್ಲ, ಅದು ಅನು ಸೇರಿಸಿದ್ದು. ಚೆನ್ನಾಗಿಯೇ ಇತ್ತು.

ಆಮೇಲೆ ಬಂತು, ಅಕ್ಕ ಸೋಮವಾರದ ಪೂಜೆ ಮುಗಿಸಿ ರಾತ್ರಿ ತಮ್ಮನಿಗೆ ಮಾತ್ರೆ ಕೊಡುವ ದೃಶ್ಯ. ಪವಿತ್ರಾ ನನ್ನ ಹಾಗೆಯೇ ಸೆರಗು ಸಿಕ್ಕಿಸಿಕೊಂಡು, "ಇವತ್ತು ಒಪ್ಪತ್ತು ಕಣೋ. ತಗೋ ಮಾತ್ರೆ" ಎಂದಳು. ನನಗೆ ತಡೆಯಲಾಗಲಿಲ್ಲ.

"ಹಾಗಲ್ಲ ಅದು. ತಪ್ಪು. ಒಪ್ಪತ್ತಿನ ದಿನ ಯಾರಾದ್ರೂ ಮಾತ್ರೆ ಕೊಡ್ತಾರಾ? ದಿನ ಬದಲಾಯಿಸಿ, ಗುರುವಾರ ಮಾಡಿ."

ಪವಿತ್ರಾ ಮಾತ್ರೆ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು. "ಕೊಡಲ್ವಾ ಆಂಟಿ?"

"ಊಟ ಆದ ಮೇಲೆ ಕೊಡೋ ಮಾತ್ರೆ. ರಾತ್ರಿ ಊಟವೇ ಇಲ್ದೇ ಹೇಗೆ ಕೊಡ್ಲಿ? ನಿಂಗೆ ಮೆಡಿಕಲ್ ಶಾಪಿನವಳಿಗೆ ಅಷ್ಟೂ ಗೊತ್ತಿಲ್ವಾ?"

"ಯಾವ್ಯಾವ ದಿನ ಒಪ್ಪತ್ತು ನೀವು?"

ನಾನು ಹೇಳಿದೆ. ಸೋಮವಾರ, ಶನಿವಾರ, ಏಕಾದಶಿ, ಸಂಕಷ್ಟಿ. ಶ್ರಾವಣದಲ್ಲಿ ಬಂದ ಒಂದೊಂದು ತಾರೀಖನ್ನೂ ನಾನು ಹೇಳಿದಂತೆ ಅವಳು ಬೆರಳು ಮಡಚುತ್ತಾ ಹೋದಳು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋಗುವಾಗ ನಾನು ಮಾತು ನಿಲ್ಲಿಸಿದೆ. ಅನು ನೆಲದ ಮೇಲೆ ಕೂತುಬಿಟ್ಟಳು.

"ಆಂಟಿ, ಆ ಮಾತ್ರೆ ಒಂದು ದಿನ ಬಿಟ್ಟು ಒಂದು ದಿನ ತಗೊಳ್ಳೋದಲ್ಲ. ನಮ್ಮ ಶಾಪಿಗೆ ಬರೋರಿಗೆ ನಾನು ದಿನಾ ಹೇಳ್ತೇನೆ, ಇದು ತಪ್ಪಿಸ್ಲಿಕ್ಕೆ ಇಲ್ಲ ಅಂತ."

"ಹಾಗಾದ್ರೆ ಊಟ ಆದ ಮೇಲೆ ಅಂತ ಯಾಕೆ ಹೇಳ್ಬೇಕು?" ನನಗೆ ಸಿಟ್ಟೇ ಬಂತು. "ಡಾಕ್ಟರಮ್ಮ ಹೇಳಿದ್ದನ್ನೇ ನಾನು ಮಾಡಿದ್ದು."

"ಹೊಟ್ಟೆ ಉರೀಬಾರ್ದು ಅಂತ ಅಷ್ಟೇ. ಬಾಳೆಹಣ್ಣು, ಹಾಲು ಸಾಕು."

ಬಾಳೆಹಣ್ಣು, ಹಾಲು. ಪ್ರತಿ ಒಪ್ಪತ್ತಿನ ರಾತ್ರಿಯೂ ನನ್ನ ಕೈಯಾರೆ ಕೊಡುತ್ತಿದ್ದದ್ದು ಅದೇ.

ಅನು ಡಾಕ್ಟರಮ್ಮನಿಗೆ ಮತ್ತೆ ಫೋನು ಮಾಡಿದಳು. ಅವರು ಬೈಯಲಿಲ್ಲ. ತಪ್ಪಿದ್ದನ್ನೆಲ್ಲ ಒಟ್ಟಿಗೆ ಕೊಡಬೇಡಿ, ಇವತ್ತಿನದು ಮಾತ್ರ ಕೊಡಿ, ಸೋಮವಾರ ಬನ್ನಿ ಎಂದರು. ರಾತ್ರಿ ಹಾಲು ಬಿಸಿ ಮಾಡಿ ತೆಗೆದುಕೊಂಡು ಹೋದೆ. ಚಿದಾನಂದ ನನ್ನ ಮುಖ ನೋಡದೆ ಕೈ ಚಾಚಿದ. ಮಾತ್ರೆ ಹಾಕಿಕೊಂಡ, ಹಾಲು ಕುಡಿದ, ಲೋಟ ವಾಪಸು ಕೊಟ್ಟ.

ನಾಟಕ ಬೇಡ ಎಂದು ಹೇಳುವುದು ಮರೆತೇಹೋಯಿತು.

ಆಗಸ್ಟ್ 18, ಸೋಮವಾರ

ನನಗೆ ಒಪ್ಪತ್ತು, ಚಿದಾನಂದನಿಗೆ ಇಲ್ಲ. ಮಡಿಕೇರಿಗೆ ಹೋಗಿ ಬಂದೆವು. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಚಿದಾನಂದನನ್ನು "ಮೇಷ್ಟ್ರೇ" ಎಂದೇ ಕರೆಯುತ್ತಾರೆ. ರೀಡುಗಳ ಜಗಳ ಎಲ್ಲವನ್ನೂ ಅವನ ಬಾಯಲ್ಲೇ ಕೇಳಿದರು. ಮಲಗಿಸಿಕೊಳ್ಳುವಷ್ಟಕ್ಕೆ ಹೋಗಿಲ್ಲ, ಬೇಗ ಗೊತ್ತಾಯಿತು ಎಂದರು. ನಿದ್ದೆಗೆಂದು ಸ್ವಲ್ಪ ದಿನಕ್ಕೆ ಇನ್ನೊಂದು ಮಾತ್ರೆ. ನಾಟಕದಿಂದ ಹೀಗಾಯಿತೇ ಎಂದು ನಾನು ಕೇಳಿಯೇ ಕೇಳಿದೆ. "ನಾಟಕದ ಉತ್ಸಾಹಕ್ಕೆ ನಿದ್ದೆ ಸ್ವಲ್ಪ ಕಡಿಮೆಯಾಗಿರಬಹುದು. ಆದರೆ ಮಾತ್ರೆ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದರು. ಅವರಿಗೆ ಹಾರ್ಮೋನಿಯಂ ಬೇಕು ಅನಿಸಿದರೆ ಕೂರಲಿ, ಹೊತ್ತಿಗೆ ಸರಿಯಾಗಿ ಮಲಗಲಿ" ಎಂದರು. ಅನು ತಲೆ ಬಗ್ಗಿಸಿಕೊಂಡು ಕೂತಿದ್ದಳು. ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡೆ. ಅಷ್ಟು ಮಾತು ಅಂದಿದ್ದೆ, ವಾಪಸು ತೆಗೆದುಕೊಳ್ಳುವುದು ಹೇಗೆಂದು ಗೊತ್ತಾಗಲಿಲ್ಲ.

ಮನೆಗೆ ಬಂದು ದೇವರ ಮುಂದೆ ಕೂತಾಗ ಯೋಚನೆ ಹತ್ತಿತು. ಇಬ್ಬರ ಪರವಾಗಿ ಹೊತ್ತ ಹರಕೆ. ಅವನ ಪಾಲು ಅರ್ಧಕ್ಕೆ ನಿಂತರೆ? ಇವರಿಗೆ ಹೇಳಿದೆ, ನಗುತ್ತಾರೆ ಎಂದುಕೊಂಡೇ.

"ಅವನ ಪಾಲಿಂದು ನಾನು ಹಿಡೀತೀನಿ ಬಿಡು" ಎಂದರು.

"ನೀವಾ? ದೇವರೇ ಇಲ್ಲ ಅನ್ನೋರು!"

"ನಂಗೂ ಅವ್ನಿಗೂ ಮಾತುಕತೆ ಇಲ್ಲ ಅಷ್ಟೇ. ಮೇಷ್ಟ್ರಿಗೋಸ್ಕರ ಒಂದೆರಡು ಹೊತ್ತು ಮಾತಾಡ್ತೀನಿ."

ಆಗಸ್ಟ್ 23, ಶನಿವಾರ

ಕಡೆಯ ಶ್ರಾವಣ ಶನಿವಾರ. ನನಗೂ ಇವರಿಗೂ ಒಪ್ಪತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಇವರು ಅಡಿಗೆಮನೆಗೆ ಬಂದು ಇಣುಕಿದರು. ಕಾಫಿ ನಡೆಯುತ್ತದಾ ಎಂದರು. ನಡೆಯುತ್ತದೆ ಎಂದೆ. ಬಿಸ್ಕತ್ತು? ಇಲ್ಲ ಎಂದೆ. ರಾತ್ರಿ ಬಾಳೆಹಣ್ಣು ಬಡಿಸಿದರೆ, "ಮಂಜುನಾಥ ಇದನ್ನ ಊಟ ಅಂತ ಒಪ್ತಾನಾ?" ಎಂದು ಸಿಪ್ಪೆ ನೋಡುತ್ತಾ ಕೂತರು. ಚಿದಾನಂದ ಪಕ್ಕದಲ್ಲಿ ಮುದ್ದೆ ಮುರಿಯುತ್ತಾ ನಕ್ಕ. "ಭಾವ, ನನ್ನ ಸಾರು ಒಂದು ಗುಟುಕು ಕುಡೀತೀರಾ? ಅಕ್ಕ ಆ ಕಡೆ ತಿರುಗ್ತಾಳೆ."

ನಕ್ಕ! ದಿನವೂ ನಿದ್ದೆ ಬರುತ್ತಿದೆ. ಇವತ್ತು ಬಿಸಿಲು ಬಿದ್ದ ಮೇಲೂ ಮಲಗಿದ್ದ. ಎಬ್ಬಿಸಲಿಲ್ಲ.

ಸಂಜೆ ಮಿಲನ್ ಹಾರ್ಮೋನಿಯಂ ಜೋಡಿಸಲು ಕೂತ. ರೀಡುಗಳಿಗೆ ಕಿಲುಬು ಹಿಡಿಯದಿರಲೆಂದು ಹೋದ ಶನಿವಾರ ಬಂದಾಗಲೇ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದನಂತೆ. ಚಿದಾನಂದ ಹೇಳುತ್ತಾ ಹೋದ, ಅವನು ಕೂರಿಸುತ್ತಾ ಹೋದ.

"ಮೇಷ್ಟ್ರೇ, ಇದು ಯಾರು?"

"ಅವ್ನು ಪಂಚಮ. ಸಾಧು."

"ಇವತ್ತು ಯಾರದ್ದೂ ಜಗಳ ಇಲ್ವಾ?"

ಇಂಥ ಮಾತನ್ನು ತಮಾಷೆ ಮಾಡುತ್ತಾರಾ? ಚಿದಾನಂದ ತಿದಿ ಒತ್ತಿ ಕಿವಿಗೊಟ್ಟ. "ಇಲ್ಲಪ್ಪ. ಮಾತ್ರೆ ಕೊಟ್ಟಿದ್ದೀನಿ" ಎಂದ. ಇಬ್ಬರೂ ನಕ್ಕರು. ನನಗೂ ನಗು ಬಂತು.

ಆಮೇಲೆ ಒಲೆಯ ಹತ್ತಿರ ಕೂತಾಗ ಕೇಳಿದೆ, ಹಾಡು ಮೊದಲಿನ ಹಾಗೆ ಬರುತ್ತದಾ ಎಂದು.

"ಅಷ್ಟು ಬರಲ್ಲ ಅಕ್ಕ. ಆವಾಗ ಮಳೆ ಥರ ಬರ್ತಿತ್ತು, ಹಿಡಿಯೋಕೆ ಒಂದು ಪಾತ್ರೆ ಇರ್ತಿರ್ಲಿಲ್ಲ. ಈಗ ಕಮ್ಮಿ ಬರುತ್ತೆ. ಬಂದಿದ್ದು ಮುಗಿಯುತ್ತೆ."

ಬೇಜಾರಾ ಎಂದೆ. ಒಲೆಯ ಸೌದೆ ಮುಂದಕ್ಕೆ ನೂಕಿದ. "ಒಂದೊಂದ್ಸಲ" ಎಂದ.

ಆಗಸ್ಟ್ 27, ಬುಧವಾರ

ಗಣಪತಿ ಹಬ್ಬ. ಕಡುಬು, ಮೋದಕ. ಎಲ್ಲರೂ ಹೊಟ್ಟೆ ತುಂಬ ಉಂಡೆವು. ಅವನ ಮಾತ್ರೆ ಆಯಿತು. ಬರೆಯಲು ಬೇರೇನೂ ಇಲ್ಲ.

ಸೆಪ್ಟೆಂಬರ್ 1, ಸೋಮವಾರ

ನಿನ್ನೆ ಸುಂಟಿಕೊಪ್ಪದಲ್ಲಿ ನಾಟಕ ಆಯಿತು. ಗಣಪತಿ ಕೂರಿಸಿದ್ದ ಪೆಂಡಾಲಿನಲ್ಲೇ ರಂಗ. ಎಸ್ಟೇಟಿನ ಕೂಲಿ ಲೈನುಮನೆಗಳಿಂದ, ಅಂಗಡಿಬೀದಿಯಿಂದ ಜನ ಬಂದು ಕುರ್ಚಿ ಸಾಲದೆ ನಿಂತಿದ್ದರು. ರಂಗಪೂಜೆಗೆ ಕಾಯಿ ಒಡೆಯಲು ಅನು ನನ್ನನ್ನೇ ಕರೆದಳು. ಕಾಯಿ ಸಮನಾಗಿ ಹೋಳಾಯಿತು. ಒಳ್ಳೆಯದಾಯಿತು ಎಂದುಕೊಂಡೆ.

ವಿರಾಜಪೇಟೆಯ ಬಸ್‌ ನಿಲ್ದಾಣದ ದೃಶ್ಯ ಬಂದಾಗ ಮಿಲನ್ ಬಸ್ಸುಗಳಿಗೆ ಕೈಬೀಸಿ, ತಲಶ್ಶೇರಿಗೆ ಹೋಗುವ ಬಸ್ಸು ಮೊದಲು, ಅದು ದ್ರೌಪದಿ, ಕಾಯಿಸಬೇಡಿ ಎಂದ. ಜನ ಹೋ ಎಂದು ನಕ್ಕರು. ನಾನು ಸೆರಗು ಹಿಂಡುತ್ತಾ ಚಿದಾನಂದನ ಕಡೆ ನೋಡಿದೆ. ರಂಗದ ಅಂಚಿನಲ್ಲಿ ಹಾರ್ಮೋನಿಯಂ ಹಿಂದೆ ನೆಟ್ಟಗೆ ಕೂತಿದ್ದ. ನಗು ಇಳಿಯುವುದನ್ನು ಕಾದು ಒಂದೇ ಒಂದು ಮನೆ ಒತ್ತಿ ಹಿಡಿದ. ಎಳೆದ, ಎಳೆದ. ನಗುತ್ತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಆಗ ಮೆತ್ತಗೆ ಹಾಡಿದ, ಬಸ್ಸುಗಳಿಗೆ ಅವತ್ತು ಹಾಡಿದ್ದ ಅದೇ ಹಾಡು. ಅವತ್ತು ನನಗೆ ಅದು ಹಾಡು ಎಂದು ಕೇಳಿಸಿರಲಿಲ್ಲ. ಎಷ್ಟು ಚೆಂದದ ಹಾಡು ಅದು.

ಮಾತ್ರೆಯ ದೃಶ್ಯವನ್ನು ಅನು ತಿದ್ದಿದ್ದಳು. ಪವಿತ್ರಾ ಒಂದು ಕೈಯಲ್ಲಿ ಹಾಲು, ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಮಾತ್ರೆ ಹಿಡಿದು, "ಡಾಕ್ಟರಮ್ಮ ಹೇಳಿದ್ದನ್ನೇ ನಾನು ಮಾಡಿದ್ದು!" ಎಂದು ಹಾಲಿನ ಪಾತ್ರೆ ಕುಕ್ಕಿದಳು. ಪಕ್ಕದಲ್ಲಿ ಇವರು ನನ್ನ ಮೊಣಕೈ ತಿವಿದು, "ಸೇಮ್" ಎಂದರು.

ಆಟ ಮುಗಿದ ಮೇಲೆ ಎಸ್ಟೇಟಿನ ಲೈನಿನ ಮಾರಿ ಎಂಬ ಹೆಂಗಸು ನನ್ನನ್ನು ಕಂಬದ ಮರೆಗೆ ಕರೆದಳು. "ಅಮ್ಮ, ಆ ಡಾಕ್ಟರು ಎಲ್ಲಿರೋದು? ನನ್ನ ತಂಗಿ ಮಗಳಿಗೆ ಹಿಂಗೇ. ಗಾಳಿ ಅಂತ ತಾಯತ ಕಟ್ಟಿಸಿದ್ದೀವಿ."

"ತಾಯತ ಇರಲಿ, ಬಿಚ್ಚಬೇಡ. ಮಡಿಕೇರಿಗೂ ಕರ್ಕೊಂಡು ಹೋಗು. ಇದು ಮನಸ್ಸಿನ ಕಾಯಿಲೆ ಕಣಮ್ಮ, ಶುಗರ್ ಬಂದ ಹಾಗೆ. ನನ್ನ ತಮ್ಮನಿಗೆ ಇದೆ, ನೋಡು, ಹೇಗೆ ಬಾರಿಸಿದ!" ಸುತ್ತ ನಿಂತಿದ್ದವರು ತಿರುಗಿ ನೋಡಿದರು. ಪೆಂಡಾಲಿನ ಗದ್ದಲದಲ್ಲಿ ಜೋರಾಗಿ ಮಾತಾಡಬೇಕಾಗಿತ್ತು. ಗುರುತಿಗೆ ಅನುವಿನ ನಂಬರು ಕೊಟ್ಟೆ.

ವಿರಾಜಪೇಟೆಯಲ್ಲೂ, ಹುದಿಕೇರಿಯಲ್ಲೂ ಆಡಿ ಎಂದು ಕರೆ ಬಂದಿದೆಯಂತೆ. ಹಗಲಿನ ಆಟವಾದರೆ ಆಗಲಿ ಎಂದೆ.

ಸೆಪ್ಟೆಂಬರ್ 3, ಬುಧವಾರ

ಏಕಾದಶಿ. ನನಗೆ ಮಾತ್ರ. ಹರಕೆ ತೀರಿತು ಎಂದು ಇವರು ಬೆಳಿಗ್ಗೆಯೇ ರೊಟ್ಟಿಗೆ ಕೂತರು.

ನಾಳೆ ಚಿದಾನಂದ ಮಡಿಕೇರಿಗೆ ತೋರಿಸಲು ಹೋಗಬೇಕು. ಹಸು ಇವತ್ತೋ ನಾಳೆಯೋ ಕರು ಹಾಕುವ ಹಾಗಿದೆ, ನಾನು ಹೋಗುವಂತಿಲ್ಲ. ಅಪ್ಪ ಮಗಳು ಇಬ್ಬರೇ ಹೋಗುತ್ತಾರೆ. ಮಾತ್ರೆಯ ಹೊತ್ತು ಈಗ ಅವನೇ ನೋಡಿಕೊಳ್ಳುತ್ತಾನೆ, ನಾನು ಕೇಳಿದರೆ, "ಆಯ್ತು ಕಣಕ್ಕ" ಎನ್ನುತ್ತಾನೆ. ಎಲ್ಲ ಸರಿಹೋಗಿದೆ. ಸ್ವಾಮಿಗೆ ಎಷ್ಟು ಕೈಮುಗಿದರೂ ಸಾಲದು.

ಆದರೆ ಒಂದು ವಿಚಾರ. ಮೂರು ದಿನದಿಂದ ಮನೆಯಲ್ಲಿ ಎಲ್ಲರೂ ಚೆನ್ನಾಗಿ ಮಲಗುತ್ತಿದ್ದಾರೆ, ನಾನೊಬ್ಬಳೇ ಎದ್ದು ಕೂರುತ್ತೇನೆ. ಏನೂ ಭಯವಿಲ್ಲ. ಸುಮ್ಮನೆ ಅಳು ಬರುತ್ತದೆ. ಕಷ್ಟದಲ್ಲಿ ಒಂದು ಹನಿ ಹಾಕದವಳಿಗೆ ಈಗ ಯಾಕೆ ಎಂದು ತಿಳಿಯದು. ಇವರಿಗೆ ಹೇಳಲಿಲ್ಲ, ತಮಾಷೆ ಮಾಡುತ್ತಾರೆ. ಮಾಡದಿದ್ದರೆ ಇನ್ನೂ ಕಷ್ಟ.

ಆ ಡಾಕ್ಟರಮ್ಮ ಚಿದಾನಂದನ ಮಾತನ್ನು ಎಷ್ಟು ಸಾವಧಾನವಾಗಿ ಕೇಳಿದರು. ಗಡಿಯಾರ ನೋಡಲಿಲ್ಲ. ನನಗೇನೂ ಕಾಯಿಲೆ ಇಲ್ಲ, ಮಾತ್ರೆಯೂ ಬೇಡ. ಸುಮ್ಮನೆ ಅವರ ಎದುರಿನ ಕುರ್ಚಿಯಲ್ಲಿ ಒಂದಿಷ್ಟು ಹೊತ್ತು ಕೂತು ಮಾತಾಡಬಹುದಾ, ಹಾಗೆ ಬರುವವರೂ ಇದ್ದಾರಾ?

ಬೆಳಿಗ್ಗೆ ಬಾಯಿಬಿಟ್ಟು ಕೇಳಲು ನಾಚಿಕೆ. ಈ ಮಾತನ್ನೇ ಒಂದು ಚೀಟಿಯಲ್ಲಿ ಬರೆದು ಅನುವಿನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಮೇಲೆ ಇಡುತ್ತೇನೆ, ಡಬ್ಬಿ ತೆಗೆಯುವಾಗ ಸಿಗಲಿ: ಅನೂ, ನಿಮ್ಮಪ್ಪನದು ಮುಗಿದ ಮೇಲೆ ಡಾಕ್ಟರಮ್ಮನಿಗೆ ಇದನ್ನು ತೋರಿಸು. ಏನು ಹೇಳುತ್ತಾರೋ ಕೇಳಿಕೊಂಡು ಬಾ. ಬಸ್ಸು ಇಳಿದ ಮೇಲೆ ಮಾವನ ಮುಂದೆ ಹೇಳಬೇಡ, ನೇರ ಕೊಟ್ಟಿಗೆಗೆ ಬಂದು ನನಗೆ ಉತ್ತರ ಹೇಳು.